ಮಳೆನೀರಿಗೆ ಕೆರೆಯಲ್ಲಿ ಜಾಗ ಬಿಡಿ: ಕೋಲಾರ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಕೋಲಾರ ಜಿಲ್ಲೆ, ಕೋಲಾರ.

ವಿಷಯ: ಹಿಂಗಾರಿನ ತುಫಾನು ಮಳೆಗೆ ಮೊದಲೇ ಕೆರೆಗಳ ನೀರಿನ ಮಟ್ಟ ಇಳಿಸುವುದು, ಕೋಡಿಗಳನ್ನು (ತುಂಬಿದ ಕೆರೆಯ ಹೆಚ್ಚುವರಿ ನೀರು ಹೊರಹೋಗುವ ಜಾಗ) ತೆರವು ಮಾಡುವುದು ಹಾಗೂ ಏರಿ (ಕೆರೆಯ ಮಣ್ಣಿನ ಕಟ್ಟೆ), ತೂಬುಗಳ (ಕೆರೆಯಿಂದ ನೀರು ಬಿಡುವ ಬಾಗಿಲು) ದುರಸ್ತಿ ಕುರಿತು.

ಮಾನ್ಯರೇ,

ವರ್ಷವಿಡೀ ಹರಿಯುವ ಒಂದೇ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ಪಾಲಾರ್ ಹುಟ್ಟುವುದು ಈ ಭಾಗದಲ್ಲೇ, ಆದರೆ ಅದರ ಪಾತ್ರದಲ್ಲಿ ವರ್ಷದ ಹೆಚ್ಚು ದಿನ ಕಾಣುವುದು ಮರಳು ಮತ್ತು ಜಾಲಿ. ವಾಡಿಕೆ ಮಳೆ ಎಂದರೆ 700ರಿಂದ 750 ಮಿಲಿಮೀಟರ್. ಕೊಳವೆಬಾವಿ ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ಇಂಥ ಕಡೆ ಕೆರೆ ತುಂಬಿ ಕೋಡಿ ಹೋದರೆ ಊರಿಗೆ ಊರೇ ಗಂಗಮ್ಮನ ಪೂಜೆಗೆ ಸೇರುತ್ತದೆ. ಹಾಗಾಗಿ ಈ ಪತ್ರದ ಕೋರಿಕೆ ಮೊದಲ ಓದಿಗೆ ವಿಚಿತ್ರ ಎನಿಸಬಹುದು. ಹಸ್ತೆ ಮಳೆ ಹುಟ್ಟುವ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಕೊನೆಯ ವಾರಕ್ಕೆ, ಊರುಗಳ ಮೇಲ್ಭಾಗದಲ್ಲಿರುವ ನಮ್ಮ ಕೆರೆಗಳಲ್ಲಿ ಕೋಡಿ ಮಟ್ಟದಿಂದ ಒಂದು ಮೀಟರ್ ಕೆಳಗಿನವರೆಗೆ ಜಾಗ ಖಾಲಿ ಇರುವಂತೆ ತಾವು ಆದೇಶ ಮಾಡಬೇಕು. ಯಾಕೆ ಎಂಬುದನ್ನು ಲೆಕ್ಕದ ಸಮೇತ ತಮ್ಮ ಮುಂದೆ ಇಡುತ್ತಿದ್ದೇವೆ.

ಮಳೆ ಕಡಿಮೆಯಾಗಿದೆ ಎಂದು ಜನ ಹೇಳುತ್ತಾರೆ. ನಿಜವಾಗಿ ಕೆಟ್ಟಿರುವುದು ಅದರ ಹಂಚಿಕೆ. ರಾಗಿ ಬಿತ್ತಬೇಕಾದ ದಿನಗಳಲ್ಲಿ ಆಕಾಶ ಬೋಳಾಗಿರುತ್ತದೆ, ರಾಗಿ ಕೊಯ್ಯಬೇಕಾದ ವಿಶಾಖೆ, ಅನುರಾಧೆ ಮಳೆಗಳ ಕಾಲದಲ್ಲಿ ಬಂಗಾಳಕೊಲ್ಲಿಯಿಂದ ತುಫಾನು ಏಳುತ್ತದೆ. 2021ರ ನವೆಂಬರಿನಲ್ಲಿ ವಾಯುಭಾರ ಕುಸಿತಗಳು ಒಂದರ ಬೆನ್ನಿಗೊಂದು ಬಂದವು. ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಗಳಲ್ಲಿ ವರ್ಷಗಟ್ಟಲೆ ತುಂಬದಿದ್ದ ಕೆರೆಗಳು ಕೋಡಿ ಹೋದವು. ಕೊಯ್ಲಿಗೆ ಬಂದ ರಾಗಿ ನೆಲಕ್ಕೆ ಮಲಗಿ ತೆನೆಯಲ್ಲೇ ಮೊಳಕೆ ಒಡೆಯಿತು. ಎರಡೇ ವರ್ಷಕ್ಕೆ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಮರುವರ್ಷ ನವೆಂಬರ್ 30ಕ್ಕೆ ಪುದುಚೇರಿ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತ ಮತ್ತೆ ನಮ್ಮ ಕಡೆ ಮಳೆ ತಂದಿತು. ನೆರೆ, ಬರ, ಮತ್ತೆ ಮಳೆ. ಯಾವ ವರ್ಷ ಯಾವುದು ಎಂದು ಜೂನ್ ತಿಂಗಳಲ್ಲಿ ಯಾರೂ ಹೇಳಲಾರರು.

ಇದಕ್ಕೆ ಕಾರಣ ಗೊತ್ತಿರುವಂಥದ್ದೇ. ಗಾಳಿಯ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹೊತ್ತುಕೊಳ್ಳಬಲ್ಲ ತೇವಾಂಶ ಶೇಕಡಾ 7ರಷ್ಟು ಹೆಚ್ಚುತ್ತದೆ. ಕಡಲು ಬಿಸಿಯಾದಷ್ಟೂ ಮೋಡಕ್ಕೆ ಸರಕು ಜಾಸ್ತಿ. ಸುರಿಯುವಾಗ ಒಮ್ಮೆಲೇ ಸುರಿಯುತ್ತದೆ. ನಮ್ಮ ಕೆಂಪು ಮಣ್ಣಿಗೆ 10 ಮಿಲಿಮೀಟರಿನ ಹತ್ತು ಮಳೆ ಬಂದರೆ ಬಹುಪಾಲು ಹೊಲದಲ್ಲೇ ಇಂಗುತ್ತದೆ. ಅದೇ 100 ಮಿಲಿಮೀಟರ್ ಒಂದೇ ರಾತ್ರಿ ಬಿದ್ದರೆ ಮೇಲ್ಮಣ್ಣು ಹೆಪ್ಪುಗಟ್ಟಿ ನೀರು ಜಾರಿ ಹಳ್ಳಕ್ಕೆ ಓಡುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ. ಮೊದಲಿನಿಂದಲೂ ಅಪರೂಪಕ್ಕೆ ಬರುತ್ತಿದ್ದ ಈ ಮಳೆಗೆ ಈಗ ನಮ್ಮ ಕೆರೆಗಳು ಯಾವ ಸ್ಥಿತಿಯಲ್ಲಿ ಎದುರಾಗುತ್ತಿವೆ ಎಂಬುದೇ ನಮ್ಮ ಆತಂಕ.

2018ರ ಜೂನಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. ವ್ಯಾಲಿಯ ನೀರು ಮೊದಲ ಸಲ ಬಂತು. ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಗಳ ಕೊಳಚೆಯನ್ನು ಎರಡು ಹಂತ ಸಂಸ್ಕರಿಸಿ ದಿನಕ್ಕೆ 44 ಕೋಟಿ ಲೀಟರಿನಂತೆ 126 ಕೆರೆಗಳಿಗೆ ಹರಿಸುವ ಯೋಜನೆ ಅದು. ಉದ್ದೇಶ ಅಂತರ್ಜಲ ಮರುಪೂರಣ. ನೇರವಾಗಿ ಹೊಲಕ್ಕೆ ಹಾಯಿಸುವಂತಿಲ್ಲ. ಮುಂದಿನ ತಿಂಗಳೇ ಆ ಕೆರೆಯಲ್ಲಿ ನೊರೆ ಎದ್ದದ್ದು, ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟುಗಳ ಮೆಟ್ಟಿಲು ಹತ್ತಿದ್ದು ತಮಗೆ ತಿಳಿದಿದೆ. ಮೂರನೇ ಹಂತದ ಸಂಸ್ಕರಣೆ ಆಗಲೇಬೇಕು ಎಂಬ ಜಿಲ್ಲೆಯ ಬೇಡಿಕೆ ನ್ಯಾಯವಾದದ್ದು, ನಮ್ಮದೂ ಅದೇ. ಎರಡು ಹಂತದಲ್ಲಿ ಸಾರಜನಕ, ರಂಜಕ ಪೂರ್ತಿ ಹೋಗುವುದಿಲ್ಲ, ಅದರಿಂದಲೇ ನೀರು ಹಸಿರುಗಟ್ಟುತ್ತದೆ, ಜೊಂಡು ಹಬ್ಬುತ್ತದೆ. ಆದರೆ ಈ ಪತ್ರದ ವಿಷಯ ನೀರಿನ ಗುಣವಲ್ಲ, ಅದು ತುಂಬಿಕೊಂಡಿರುವ ಜಾಗ.

ಮೊದಲೆಲ್ಲ ನವೆಂಬರಿನ ಮಳೆ ಬರುವಾಗ ಕೆರೆ ಅರ್ಧವೋ ಕಾಲೋ ಇರುತ್ತಿತ್ತು, ಎಷ್ಟೋ ವರ್ಷ ಬರಿದಾಗಿಯೇ ಇರುತ್ತಿತ್ತು. ಒಂದು ರಾತ್ರಿಯ ಮಳೆಯನ್ನು ಕೆರೆ ಸುಮ್ಮನೆ ನುಂಗಿಕೊಳ್ಳುತ್ತಿತ್ತು. ಈಗ ವ್ಯಾಲಿ ನೀರು ಬರುವ ಕೆರೆಗಳು ಸೆಪ್ಟೆಂಬರಿಗೇ ಕೋಡಿ ಅಂಚಿನಲ್ಲಿರುತ್ತವೆ. ಬಂದ ಮಳೆ ಅಷ್ಟೂ ಕೋಡಿಯ ಮೇಲೇ ಹೋಗಬೇಕು.

ಲೆಕ್ಕಕ್ಕೆ ಒಂದು ಸಾಧಾರಣ ಕೆರೆ ಇಟ್ಟುಕೊಳ್ಳೋಣ. ನೀರು ಹರಡುವ ಅಂಗಳ 100 ಎಕರೆ, ಜಲಾನಯನ 10 ಚದರ ಕಿಲೋಮೀಟರ್, ಕೋಡಿಯ ಉದ್ದ 20 ಮೀಟರ್. ಈ ಜಲಾನಯನದ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಒಟ್ಟು 100 ಕೋಟಿ ಲೀಟರ್. ನೆಲ ಆಗಲೇ ನೆನೆದಿದ್ದು ಅರ್ಧ ಮಾತ್ರ ಹರಿದು ಬಂತೆಂದರೂ 50 ಕೋಟಿ ಲೀಟರ್. ಅದು ಆರು ಗಂಟೆಯಲ್ಲಿ ಕೆರೆ ಸೇರಿದರೆ ಸರಾಸರಿ ಸೆಕೆಂಡಿಗೆ 23 ಸಾವಿರ ಲೀಟರ್. ಬೇಸಿಗೆಯಲ್ಲಿ ಊರಿಗೆ ನೀರು ತರುವ 5 ಸಾವಿರ ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರುಗಳನ್ನು ನೆನೆಯಿರಿ. ಸೆಕೆಂಡಿಗೆ ನಾಲ್ಕೂವರೆ ಟ್ಯಾಂಕರಿನಂತೆ ಆರು ಗಂಟೆ ಬಿಡುವಿಲ್ಲದೆ ಸುರಿದಂತೆ. ಜಡಿಯ ನಡುವಿನ ಬಿರುಸಿನಲ್ಲಿ ಇದಕ್ಕಿಂತ ಹೆಚ್ಚೇ.

20 ಮೀಟರ್ ಕೋಡಿ ಪೂರ್ತಿ ತೆರೆದಿದ್ದರೆ ಈ ನೀರು ಕೋಡಿಯ ಮೇಲೆ ಸುಮಾರು 77 ಸೆಂಟಿಮೀಟರ್ ಎತ್ತರಕ್ಕೆ ನಿಂತು ಹರಿದುಹೋಗುತ್ತದೆ. ಏರಿ ಕೋಡಿಗಿಂತ ಒಂದೂವರೆ ಮೀಟರ್ ಎತ್ತರವಿದ್ದರೆ ಭಯವಿಲ್ಲ. ಹಳಬರು ಕೋಡಿಗೆ ಬಿಟ್ಟ ಅಗಲ ಕಡಿಮೆಯದಲ್ಲ, ಅವರ ಅಂದಾಜು ಇವತ್ತಿಗೂ ನಿಲ್ಲುತ್ತದೆ. ಆ ಅಗಲವನ್ನು ತಿಂದು ಹಾಕಿರುವವರು ಈ ಕಾಲದವರು.

ಕೋಡಿಯ ಅರ್ಧ ಭಾಗಕ್ಕೆ ಜೊಂಡು, ಮಣ್ಣು ಅಥವಾ ಒತ್ತುವರಿ ಬಂದು ಕೆಲಸ ಮಾಡುವ ಉದ್ದ 10 ಮೀಟರಿಗೆ ಇಳಿಯಿತೆನ್ನಿ. ಅಷ್ಟೇ ನೀರು ಹೋಗಲು ಈಗ 1 ಮೀಟರ್ 22 ಸೆಂಟಿಮೀಟರ್ ಎತ್ತರ ಬೇಕು. ಇನ್ನು ಕೆರೆಯಲ್ಲಿ ನೀರು ಹೆಚ್ಚು ನಿಲ್ಲಲಿ ಎಂದು ಕೋಡಿಯ ಮೇಲೆ ಎರಡು ಅಡಿ ಮರಳಿನ ಮೂಟೆ ಜೋಡಿಸುವುದು, ಕಾಂಕ್ರೀಟ್ ಏರಿಸುವುದು ಹಲವು ಕಡೆ ನಡೆದಿದೆ. ಆ 60 ಸೆಂಟಿಮೀಟರ್ ಸೇರಿಸಿದರೆ ಹಳೆಯ ಕೋಡಿ ಮಟ್ಟದಿಂದ 1.8 ಮೀಟರ್. ಏರಿ ಇರುವುದು ಒಂದೂವರೆ ಮೀಟರ್. ಅಲ್ಲಿಗೆ ನೀರು ಏರಿಯ ಮೇಲೇ ಹತ್ತಿ ಹರಿಯುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹತ್ತಿದ ಮೇಲೆ ಅದನ್ನು ಉಳಿಸುವುದು ಯಾರ ಕೈಯಲ್ಲೂ ಆಗದು. ಹೊರಮೈಯ ಮಣ್ಣು ಅಡಿಯಿಂದ ಕೊರೆದುಕೊಂಡು ಹಿಂದಕ್ಕೆ ಬರುತ್ತದೆ, ಕೆಲವು ಗಂಟೆಗಳಲ್ಲಿ ಏರಿ ಒಡೆಯುತ್ತದೆ.

ಕೋಡಿಗೆ ಅಡ್ಡ ಬಲೆ ಕಟ್ಟುವುದನ್ನು ಬೇರೆಯಾಗಿಯೇ ಹೇಳಬೇಕು. ಮೀನಿನ ಗುತ್ತಿಗೆ ಹಿಡಿದವರು ಮೀನು ಕೋಡಿ ನೀರಿನಲ್ಲಿ ಕೊಚ್ಚಿಹೋಗದಿರಲೆಂದು ನೈಲಾನ್ ಬಲೆ ಅಥವಾ ಕಬ್ಬಿಣದ ಜಾಲರಿ ಹಾಕುತ್ತಾರೆ. ಅವರ ನಷ್ಟ ನಿಜವಾದದ್ದು, ಅವರನ್ನು ದೂರಿ ಫಲವಿಲ್ಲ. ಆದರೆ ಮಳೆಯ ರಾತ್ರಿ ತೇಲಿ ಬರುವ ಜೊಂಡು, ಪ್ಲಾಸ್ಟಿಕ್, ಟೊಮೆಟೊ ತೋಟದ ಮಲ್ಚಿಂಗ್ ಹಾಳೆ ಎಲ್ಲ ಆ ಬಲೆಗೆ ಸಿಕ್ಕಿ ಒಂದು ಗಂಟೆಯೊಳಗೆ ಅದು ಗೋಡೆಯಾಗುತ್ತದೆ. ಕತ್ತಲಲ್ಲಿ ಆ ಸೆಳೆತಕ್ಕೆ ಇಳಿದು ಬಲೆ ಕತ್ತರಿಸುವುದು ಪ್ರಾಣಕ್ಕೆ ಅಪಾಯ. ಗುತ್ತಿಗೆಯ ಕರಾರಿನಲ್ಲೇ ಸೆಪ್ಟೆಂಬರ್ 15ರಿಂದ ಡಿಸೆಂಬರ್ 31ರವರೆಗೆ ಕೋಡಿಯ ಮೇಲೆ ಬಲೆ ಇರಬಾರದು ಎಂಬ ಷರತ್ತು ಸೇರಿಸಿ, ಅದಕ್ಕೆ ತಕ್ಕಂತೆ ಗುತ್ತಿಗೆ ಮೊತ್ತದಲ್ಲಿ ರಿಯಾಯಿತಿ ಕೊಡಿ. ಸರ್ಕಾರಕ್ಕೆ ಆಗುವ ನಷ್ಟ ಅಲ್ಪ.

ಕೋಡಿ ದಾಟಿದ ನೀರಿಗೆ ಮುಂದೆಯೂ ದಾರಿ ಬೇಕು. ಕೋಡಿ ಹಳ್ಳಕ್ಕೆ ಅಡ್ಡಲಾಗಿ ರಸ್ತೆ ಹಾಕುವಾಗ ಎರಡು ಅಡಿಯ ಒಂದೋ ಎರಡೋ ಹ್ಯೂಂ ಪೈಪ್ ಇಟ್ಟು ಮಣ್ಣು ಮುಚ್ಚುವುದು ರೂಢಿಯಾಗಿದೆ. ಎರಡು ಅಡಿ ಪೈಪಿನಲ್ಲಿ ನೀರು ರಭಸವಾಗಿ ಹೋದರೂ ಸೆಕೆಂಡಿಗೆ 700 ಲೀಟರಿನ ಆಸುಪಾಸು. ಮೇಲೆ ಹೇಳಿದ 23 ಸಾವಿರ ಲೀಟರಿಗೆ ಅಂಥ 33 ಪೈಪು ಬೇಕು. ಎರಡು ಪೈಪಿನ ರಸ್ತೆ ಅಲ್ಲಿ ಅಣೆಕಟ್ಟಾಗುತ್ತದೆ, ನೀರು ಹಿಂದಕ್ಕೆ ಒತ್ತಿ ಅಕ್ಕಪಕ್ಕದ ಮನೆಗಳಿಗೆ ನುಗ್ಗುತ್ತದೆ, ಕೊನೆಗೆ ರಸ್ತೆಯೇ ಕಿತ್ತುಹೋಗುತ್ತದೆ. ಇಂಥ ಕಡೆ ನೀರಿನ ಮಟ್ಟದಲ್ಲೇ ಕಾಂಕ್ರೀಟ್ ಹಾಸಿ, ವರ್ಷಕ್ಕೆ ನಾಲ್ಕು ದಿನ ನೀರು ರಸ್ತೆಯ ಮೇಲೇ ಹರಿಯಲು ಬಿಡುವ ತಗ್ಗು ಸೇತುವೆ ಎಷ್ಟೋ ವಾಸಿ. ಅದಕ್ಕೆ ಎರಡೂ ಬದಿ ಅಡಿ ಅಳತೆಯ ಗುರುತಿರುವ ಕಂಬ ನೆಡಬೇಕು, ನೀರು ಒಂದು ಅಡಿ ಮೀರಿದರೆ ಯಾರೂ ದಾಟದಂತೆ ಸರಪಳಿ ಕಟ್ಟಬೇಕು.

ಇನ್ನು ಏರಿಯ ವಿಷಯ. ವರ್ಷವಿಡೀ ನೀರು ನಿಲ್ಲುವುದರಿಂದ ಆಗಿರುವ ಒಂದು ದೊಡ್ಡ ಬದಲಾವಣೆಯನ್ನು ಯಾರೂ ಮಾತಾಡುತ್ತಿಲ್ಲ. ನಮ್ಮ ಏರಿಗಳು ಕೆಲವು ತಿಂಗಳು ನೆನೆದು ಕೆಲವು ತಿಂಗಳು ಒಣಗುವಂತೆ ಬಾಳಿದವು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಒಳಮೈಯ ಕಲ್ಲುಕಟ್ಟು ಎಲ್ಲಿ ಜಾರಿದೆ, ತೂಬಿನ ಬುಡದಲ್ಲಿ ಎಲ್ಲಿ ಸಂದು ಬಿಟ್ಟಿದೆ, ಏಡಿ ಎಲ್ಲಿ ಬಿಲ ತೋಡಿದೆ ಎಂದು ನಡೆದು ನೋಡಬಹುದಿತ್ತು. ಈಗ ಏಪ್ರಿಲ್‌ನಲ್ಲೂ ನೀರು ಇಳಿಯುವುದಿಲ್ಲ, ಹಾಗಾಗಿ ನೋಡುವ ಕಾಲವೇ ಇಲ್ಲವಾಗಿದೆ. ಏರಿಯ ಒಡಲು ಸದಾ ಹಸಿಯಾಗಿದೆ, ಜಿನುಗು ಮೇಲೆ ಬಂದಿದೆ. ನೀರಿನ ಆಸೆಗೆ ಏರಿಯ ಮೇಲೆ ಬಳ್ಳಾರಿ ಜಾಲಿ ಕೊಬ್ಬಿ ಬೆಳೆದಿದೆ.

ಜಾಲಿಯನ್ನು ಜೆಸಿಬಿ ತಂದು ಮೇಲಿಂದ ಸವರಿ ಫೋಟೊ ತೆಗೆದರೆ ಕೆಲಸ ಆದಂತಲ್ಲ, ಅದು ಹಿಂದಿಗಿಂತ ಕೆಡುಕು. ಬುಡ ಒಳಗೇ ಉಳಿದು ಕೊಳೆತ ಮೇಲೆ ಬೇರಿನ ಜಾಡೇ ನೀರಿಗೆ ಕೊಳವೆಯಾಗುತ್ತದೆ. ಎಳೆಯ ಗಿಡವಾದರೆ ಬೇರು ಸಮೇತ ಕೀಳಿಸಬೇಕು. ಬಲಿತ ಮರವಾದರೆ ಕೆರೆಯ ನೀರು ಇಳಿಸಿ, ಬುಡ ಅಗೆದು ತೆಗೆದು, ಗುಂಡಿಯ ಬದಿಗಳನ್ನು ಇಳಿಜಾರಾಗಿ ಕೆತ್ತಿ, ಜಿಗುಟು ಮಣ್ಣನ್ನು ಹದವಾಗಿ ನೆನೆಸಿ, ಅರ್ಧ ಅಡಿಗೊಂದು ಪದರ ಹಾಕಿ ದಿಮ್ಮಿಸಿ ಬಡಿಯಬೇಕು. ಒಂದೇ ಸಲ ನಾಲ್ಕು ಅಡಿ ಮಣ್ಣು ಸುರಿದು ಮೇಲೆ ತುಳಿದರೆ ಅದು ಮೊದಲ ಮಳೆಗೇ ಕುಸಿಯುತ್ತದೆ. ಏರಿಯ ತಲೆ ತಗ್ಗಾದ ಕಡೆಗಳಿಗೂ ಇದೇ ಕ್ರಮ: ಮೊದಲು ಹುಲ್ಲು ಕೆತ್ತಿ, ಹಳೆ ಮಣ್ಣನ್ನು ಕೊಂಚ ಕೆದಕಿ, ನೆನೆಸಿ, ಆಮೇಲೆ ಹೊಸ ಪದರ. ಟ್ರ್ಯಾಕ್ಟರ್ ಹತ್ತಿಳಿದು ಹತ್ತಿಳಿದು ಒಂದು ಅಡಿ ತಗ್ಗಾದ ಜಾಗ ಕಣ್ಣಿಗೆ ಕಾಣದು, ನೀರಿಗೆ ಮಾತ್ರ ಅದೇ ಮೊದಲು ಕಾಣುತ್ತದೆ. ಹಾಗಾಗಿ ಪ್ರತಿ ಏರಿಯ ಉದ್ದಕ್ಕೂ 20 ಮೀಟರಿಗೊಂದರಂತೆ ಮಟ್ಟ ಅಳೆಯಿಸಿ. ಒಂದು ಡಂಪಿ ಲೆವೆಲ್, ಇಬ್ಬರು ಆಳು, ಕೆರೆಗೆ ಒಂದು ದಿನ ಸಾಕು.

ಏರಿಯ ಹೊರಬುಡದಲ್ಲಿ ಜಿನುಗು ಕಂಡರೆ ಗಾಬರಿ ಬೇಡ, ಎಲ್ಲ ಮಣ್ಣಿನ ಏರಿಯೂ ಅಷ್ಟಿಷ್ಟು ಜಿನುಗುತ್ತದೆ. ನೋಡಬೇಕಾದ್ದು ಅದರ ಬಣ್ಣ. ಆ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಅರ್ಧ ಗಂಟೆ ಅಲ್ಲಾಡಿಸದೆ ಇಡಬೇಕು. ತಳದಲ್ಲಿ ಮಣ್ಣು ಕೂತರೆ ಏರಿಯ ಒಳಮಣ್ಣು ಕರಗಿ ಬರುತ್ತಿದೆ ಎಂದೇ ಅರ್ಥ. ಆಗ ಜನ ಮಾಡುವ ತಪ್ಪು ಎಂದರೆ ಹೊರಗಿನ ತೂತಿಗೆ ಜೇಡಿಮಣ್ಣು ಮೆತ್ತುವುದು. ಒಳಗೆ ಒತ್ತಡ ಕಟ್ಟಿಕೊಂಡು ನೀರು ಪಕ್ಕದಲ್ಲಿ ಇನ್ನೂ ದೊಡ್ಡದಾಗಿ ಒಡೆಯುತ್ತದೆ. ಹೊರಗೆ ಹಾಕಬೇಕಾದ್ದು ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ. ನೀರು ಹೋಗಲಿ, ಮಣ್ಣು ನಿಲ್ಲಲಿ. ಜೇಡಿ ಮುಚ್ಚಬೇಕಾದ್ದು ಕೆರೆಯ ಒಳಬದಿಗೆ. ಇಷ್ಟನ್ನು ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಹತ್ತು ಜನಕ್ಕೆ ಅರ್ಧ ದಿನದಲ್ಲಿ ಕಲಿಸಬಹುದು. ಪ್ರತಿ ಕೋಡಿಯ ಹತ್ತಿರ ಒಂದು ಲೋಡ್ ಮರಳು, ಒಂದು ಲೋಡ್ ಜಲ್ಲಿ, 200 ಖಾಲಿ ಚೀಲ ಅಕ್ಟೋಬರ್ ಮೊದಲ ವಾರಕ್ಕೇ ಬಿದ್ದಿರಬೇಕು. ಏರಿ ಜಿನುಗುವ ರಾತ್ರಿ ಲಾರಿ ಹುಡುಕಲಾಗದು.

ಈಗ ಮುಖ್ಯ ಕೋರಿಕೆಗೆ ಮರಳುತ್ತೇವೆ. 100 ಎಕರೆಯ ಆ ಕೆರೆಯಲ್ಲಿ ಒಂದು ಮೀಟರ್ ಖಾಲಿ ಇಟ್ಟರೆ ಸಿಗುವ ಜಾಗ 40 ಕೋಟಿ ಲೀಟರ್. ಬರಬಹುದಾದ 50 ಕೋಟಿಯಲ್ಲಿ 40 ಕೋಟಿ ಕೆರೆಯೊಳಗೇ ಉಳಿಯುತ್ತದೆ, ಕೋಡಿಗೆ ಬರುವುದು 10 ಕೋಟಿ ಮಾತ್ರ, ಅದೂ ತಡವಾಗಿ. ಕೆಳಗಿನ ಊರಿಗೆ ಸಿಗುವ ಆ ಕೆಲವು ಗಂಟೆಗಳ ಬೆಲೆ ತಮಗೆ ಹೇಳಬೇಕಾಗಿಲ್ಲ.

ಚಂಡಮಾರುತದ ಮುನ್ಸೂಚನೆ ಬಂದ ಮೇಲೆ ಇಳಿಸಿದರಾಯಿತಲ್ಲ ಎಂದು ಕೇಳಬಹುದು. ಆಗದು. ಮುನ್ಸೂಚನೆ ಸಿಗುವುದು ನಾಲ್ಕೈದು ದಿನ ಮೊದಲು. ನಮ್ಮ ಕೆರೆಯ ತೂಬಿನಲ್ಲಿ ಸೆಕೆಂಡಿಗೆ 300 ಲೀಟರ್ ಹೋಗುತ್ತದೆ ಎಂದು ಹಿಡಿದರೂ ದಿನಕ್ಕೆ 2.6 ಕೋಟಿ ಲೀಟರ್, 40 ಕೋಟಿ ಹೊರಹಾಕಲು 15 ದಿನ ಬೇಕು. ತೀರಾ ಬೇಗ ಇಳಿಸುವುದೂ ತಪ್ಪು. ದಿನಕ್ಕೆ ಅರ್ಧ ಅಡಿಗಿಂತ ಹೆಚ್ಚು ಇಳಿದರೆ ನೆನೆದ ಒಳಮೈ ನೀರಿನ ಆಸರೆ ಕಳೆದುಕೊಂಡು ಜಾರುತ್ತದೆ. ತೂಬು ಮುಟ್ಟದೆ ಬರೀ ವ್ಯಾಲಿ ನೀರು ನಿಲ್ಲಿಸಿ ಕಾದರೆ ಆವಿಯಾಗಿ, ಇಂಗಿ ದಿನಕ್ಕೆ ಒಂದು, ಒಂದೂವರೆ ಸೆಂಟಿಮೀಟರ್ ಇಳಿಯಬಹುದು, ಒಂದು ಮೀಟರಿಗೆ ಎರಡು ಮೂರು ತಿಂಗಳು. ಆದ್ದರಿಂದ ಮಖೆ ಮಳೆಯ ಹೊತ್ತಿಗೆ, ಅಂದರೆ ಆಗಸ್ಟ್ ಮೂರನೇ ವಾರದಿಂದ, ಊರಿನ ತಲೆಯ ಮೇಲಿರುವ ಕೆರೆಗಳಿಗೆ ವ್ಯಾಲಿ ನೀರು ತಡೆಯಬೇಕು. ಉತ್ತರೆ ಮಳೆಯಲ್ಲಿ, ಸೆಪ್ಟೆಂಬರ್ ನಡುವಿನಲ್ಲಿ, ತೂಬು ಎತ್ತಬೇಕು. ಒಂದರ ನೀರು ಇನ್ನೊಂದಕ್ಕೆ ಹರಿಯುವ ಕೆರೆ ಸರಣಿಯಲ್ಲಿ ಕೊನೆಯ ಕೆರೆಯಿಂದ ಶುರುಮಾಡಿ ಮೇಲಕ್ಕೆ ಬರಬೇಕು, ಇಲ್ಲದಿದ್ದರೆ ಮೇಲಿನ ಕೆರೆಯ ನೀರು ಕೆಳಗಿನದನ್ನು ತುಂಬಿಸಿ ಕೆಲಸ ಕೆಡುತ್ತದೆ. ಹೀಗೆ ಬಿಟ್ಟ ನೀರು ಹಳ್ಳದಲ್ಲೇ ಸಾಗಬೇಕು, ಹೊಲಕ್ಕೆ ತಿರುಗಬಾರದು.

ತೂಬು ಎತ್ತಲು ಅದು ಮೊದಲು ಕೆಲಸ ಮಾಡಬೇಕು ಎಂಬುದೂ ಒಂದು ಮಾತು. ಎತ್ತದೆ ಬಿಟ್ಟ ಸ್ಕ್ರೂ ಎರಡು ವರ್ಷಕ್ಕೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ, ಬಲವಂತ ಮಾಡಿದರೆ ರಾಡ್ ತಿರುಚಿ ತುಂಡಾಗುತ್ತದೆ. ತಿಂಗಳಿಗೊಮ್ಮೆ ಗ್ರೀಸ್ ಹಾಕಿ ಒಂದು ಸುತ್ತು ಎತ್ತಿ ಇಳಿಸಿದರೆ ಸಾಕು. ಈ ಕೆಲಸಕ್ಕೆ ಹಿಂದೆ ನೀರಗಂಟಿ ಇದ್ದ. ಬಹುಪಾಲು ದಲಿತ ಮನೆತನಗಳ ಹೆಗಲಿಗೆ ವಂಶಪಾರಂಪರ್ಯವಾಗಿ ಕಟ್ಟಿದ್ದ ಆ ಚಾಕರಿ ಹೋದದ್ದು ಸರಿಯೇ, ಜಾತಿಯ ನೊಗ ಯಾರಿಗೂ ಮತ್ತೆ ಬೇಡ. ಆದರೆ ಅವರಿಗಿದ್ದ ತಿಳಿವಳಿಕೆಗೆ ಸಂಬಳ ಕೊಟ್ಟು ಹುದ್ದೆ ಮಾಡಬೇಕಿತ್ತು, ಅದನ್ನು ಯಾರೂ ಮಾಡಲಿಲ್ಲ. ಕೆರೆ ಸರಣಿಗೊಬ್ಬ ಜಲಪಾಲಕನನ್ನು, ಯಾವ ಜಾತಿಯಾದರೂ, ಹೆಣ್ಣಾದರೂ ಗಂಡಾದರೂ, ತಿಂಗಳ ಸಂಬಳದ ಮೇಲೆ ನೇಮಿಸಿ. ತೂಬಿನ ಬೀಗದ ಕೈ, ಒಂದು ಟಾರ್ಚು, ಒಂದು ಮೊಬೈಲು, ಮಟ್ಟ ಬರೆಯುವ ಪುಸ್ತಕ ಅವರ ಕೈಯಲ್ಲಿರಲಿ.

ಖಾಲಿ ಇಟ್ಟು, ಮಳೆಯೂ ಬಾರದೆ 2023ರಂಥ ವರ್ಷ ಬಂದರೆ ಏನು ಮಾಡುವುದು? ಇದು ರೈತರು ಕೇಳುವ ಪ್ರಶ್ನೆ, ಕೇಳಬೇಕಾದದ್ದೇ. ಉತ್ತರ ವ್ಯಾಲಿ ನೀರಿನಲ್ಲೇ ಇದೆ. ಅದು ಮಳೆಯನ್ನು ನಂಬಿದ ನೀರಲ್ಲ, ವರ್ಷದ 365 ದಿನವೂ ಪಂಪಿನಿಂದ ಬರುವ ನೀರು. ಯೋಜನೆಯ ಒಂದು ದಿನದ ಹರಿವು 44 ಕೋಟಿ ಲೀಟರ್ ಎಂದ ಮೇಲೆ ನಾವು ಖಾಲಿ ಇಟ್ಟ 40 ಕೋಟಿ ಅದರ ಒಂದು ದಿನದ ಲೆಕ್ಕಕ್ಕೂ ಕಡಿಮೆ. ಅಂಥ ಹತ್ತು ಕೆರೆಗಳಾದರೂ ಹತ್ತು ದಿನ. ಡಿಸೆಂಬರ್ ಎರಡನೇ ವಾರ ಕಳೆದ ಮೇಲೆ ಧಾರಾಳವಾಗಿ ತುಂಬಿಸಿಕೊಳ್ಳಬಹುದು. ತುಫಾನಿನ ಮಳೆ ಹಾಗಲ್ಲ. ಅದು ಒಂದು ಸಲ ಬರುತ್ತದೆ, ಹಿಡಿದರೆ ಉಂಟು, ಬಿಟ್ಟರೆ ಪಾಲಾರ್ ಹಿಡಿದು ತಮಿಳುನಾಡಿಗೆ ಹೋಯಿತು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಮಿತಿ ದಾಟಿದ ಕೊಳವೆಬಾವಿಗಳ ಜಿಲ್ಲೆ ನಮ್ಮದು. ಇಲ್ಲಿ ನೆಲಕ್ಕೆ ಇಂಗಬೇಕಾದ ಮೊದಲ ನೀರು ಮಳೆಯದು. ಸಂಸ್ಕರಿಸಿದ ಕೊಳಚೆ ನೀರನ್ನು ಅಂಚಿನವರೆಗೆ ತುಂಬಿಟ್ಟುಕೊಂಡು ಆಕಾಶದಿಂದ ಬಿದ್ದ ಶುದ್ಧ ನೀರನ್ನು ಕೋಡಿಯ ಮೇಲೆ ಹೊರಗಟ್ಟುವುದು ನಮಗೆ ಸಹಿಸಲಾಗದ ಸಂಗತಿ.

ಆಗಸ್ಟಿನಿಂದ ಡಿಸೆಂಬರಿನವರೆಗಿನ ಆ ಸುಮಾರು ನಾಲ್ಕು ತಿಂಗಳು ವ್ಯಾಲಿ ನೀರನ್ನು ಎಲ್ಲಿಗೆ ಬಿಡುವುದು ಎಂಬ ತೊಡಕು ಇದೆ. ಬೆಂಗಳೂರಿನಲ್ಲಿ ಸಂಸ್ಕರಣೆ ನಿಲ್ಲುವುದಿಲ್ಲ. ಪೂರ್ತಿ ನಿಲ್ಲಿಸಿದರೆ ನೀರು ಹಳೆಯ ದಾರಿ ಹಿಡಿದು ವರ್ತೂರಿನ ಮೂಲಕ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಅದು ಬೇಡ. ಸರಣಿಯ ತುದಿಯಲ್ಲಿ ನೀರಿಗಾಗಿ ಕಾಯುತ್ತಿರುವ, ಕೆಳಗೆ ಜನವಸತಿ ಇಲ್ಲದ ಕೆರೆ ಕುಂಟೆಗಳಿಗೆ ಆ ತಿಂಗಳುಗಳ ನೀರು ತಿರುಗಲಿ. ಯಾವ ಕೆರೆಯ ಕೆಳಗೆ ಊರಿದೆ, ಯಾವುದರ ಕೆಳಗೆ ಬರೀ ಬೀಳು ಇದೆ ಎಂಬ ಪಟ್ಟಿಯನ್ನು ತಹಶೀಲ್ದಾರರು, ಎಂಜಿನಿಯರುಗಳು, ಗ್ರಾಮ ಪಂಚಾಯಿತಿಯವರು ಒಟ್ಟಿಗೆ ಕೂತರೆ ಒಂದು ವಾರದಲ್ಲಿ ಮಾಡಬಹುದು.

ಒಟ್ಟಿಗೆ ಕೂರುವುದು ಎಂದೆವು, ಅದೇ ಕಷ್ಟದ ಭಾಗ. 40 ಹೆಕ್ಟೇರ್‌ವರೆಗೆ ಅಚ್ಚುಕಟ್ಟಿರುವ (ನೀರುಣ್ಣುವ ಜಮೀನಿರುವ) ಕೆರೆ ಪಂಚಾಯತ್ ರಾಜ್ ವ್ಯಾಪ್ತಿಗೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿಗೆ, ಪಟ್ಟಣದ ಅಂಚಿನ ಕಾಲುವೆ ನಗರಸಭೆಗೆ, ಅದರ ಮೇಲಿನ ರಸ್ತೆ ಲೋಕೋಪಯೋಗಿಗೆ, ಮೀನು ಇನ್ನೊಂದು ಇಲಾಖೆಗೆ. ನೀರಿಗೆ ಈ ಗಡಿಗಳು ಗೊತ್ತಿಲ್ಲ. ಮೇಲಿನ ಸಣ್ಣ ಕೆರೆ ಒಡೆದರೆ ಅದರ ಅಷ್ಟೂ ನೀರು ಒಂದೇ ಏಟಿಗೆ ಕೆಳಗಿನ ಕೆರೆಗೆ ಬೀಳುತ್ತದೆ, ಅದು ಎಷ್ಟೇ ಗಟ್ಟಿಯಿದ್ದರೂ ತಡೆಯಲಾರದು. ಇವರೆಲ್ಲರಿಗೂ ಒಂದೇ ಆದೇಶ ಕೊಡುವ ಅಧಿಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರಾಗಿ ಜಿಲ್ಲೆಯಲ್ಲಿ ತಮಗಿದೆ. ಅದಕ್ಕಾಗಿಯೇ ಬೇರೆ ಯಾರಿಗೂ ಬರೆಯದೆ ತಮಗೆ ಬರೆದಿದ್ದೇವೆ. ಇಲಾಖೆಗೊಂದು ಪತ್ರ ಹೋಗುವ ಬದಲು ಸರಣಿಗೊಬ್ಬ ಹೊಣೆಗಾರ ಅಧಿಕಾರಿಯನ್ನು ಹೆಸರಿಸಿ, ಆ ಹೆಸರು ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಬರೆಸಿ.

ಮಳೆಯ ಮಾಹಿತಿಗೆ ಕೊರತೆ ಇಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, 15 ನಿಮಿಷಕ್ಕೊಮ್ಮೆ ಅಳತೆ ಕಳುಹಿಸುತ್ತವೆ. ಮೇಲಿನ ಪಂಚಾಯಿತಿಯಲ್ಲಿ ಎರಡು ಗಂಟೆಯಲ್ಲಿ 50 ಮಿಲಿಮೀಟರ್ ದಾಟಿದ ಕೂಡಲೇ ಕೆಳಗಿನ ಕೆರೆಯ ಜಲಪಾಲಕರ ಮೊಬೈಲಿಗೆ ಕರೆ ಹೋಗುವಂತೆ ಮಾಡಲು ಹೊಸ ಯಂತ್ರವೇನೂ ಬೇಕಿಲ್ಲ. ಸಂದೇಶ ಸಾಲದು, ಕರೆಯೇ ಬೇಕು. ರಾತ್ರಿ ಎರಡು ಗಂಟೆಗೆ ಸಂದೇಶ ಓದುವವರಿಲ್ಲ.

ಇದು ಬೇಸಿಗೆ. ಭರಣಿ ಮಳೆ ಬೀಳುವ ಮೊದಲೇ ಮಾಡಬಹುದಾದ ಒಂದು ಕೆಲಸವನ್ನು ಮೊದಲು ಕೇಳುತ್ತೇವೆ. ಪ್ರತಿ ಕೆರೆಯ ಹಳೆಯ ದಾಖಲೆಯಲ್ಲಿರುವ ಕೋಡಿಯ ಮಟ್ಟ ಮತ್ತು ಉದ್ದವನ್ನು ತೆಗೆಸಿ, ಸ್ಥಳದಲ್ಲಿ ಈಗಿರುವುದನ್ನು ಅಳೆಯಿಸಿ, ಎರಡನ್ನೂ ಪಕ್ಕಪಕ್ಕ ಬರೆದ ಪಟ್ಟಿಯನ್ನು ಮೇ ತಿಂಗಳ ಕೊನೆಯೊಳಗೆ ಜಿಲ್ಲಾಡಳಿತದ ಸೂಚನಾ ಫಲಕದಲ್ಲೂ ಗ್ರಾಮಸಭೆಗಳಲ್ಲೂ ಇಡಿಸಿ. ಹೆಚ್ಚು ಎತ್ತರಿಸಿದ ಕೋಡಿಗಳನ್ನು ಜೂನ್ ಒಳಗೆ ಹಳೆಯ ಮಟ್ಟಕ್ಕೆ ಇಳಿಸಿ. ತೂಬಿನ ಪಕ್ಕದ ಕಲ್ಲಿನ ಮೇಲೆ, ಕೋಡಿ ಮಟ್ಟಕ್ಕಿಂತ ಒಂದು ಮೀಟರ್ ಕೆಳಗೆ, ಒಂದು ಅಡಿ ಅಗಲದ ಕೆಂಪು ಪಟ್ಟಿ ಬಳಿಸಿ. ಸೆಪ್ಟೆಂಬರ್ 27ರಂದು ಆ ಪಟ್ಟಿ ನೀರಿನ ಮೇಲೆ ಕಾಣುತ್ತಿದೆಯೇ ಇಲ್ಲವೇ ಎಂಬುದನ್ನು ಏರಿಯ ಮೇಲೆ ದನ ಕಾಯುವ ಹುಡುಗನೂ ನೋಡಿ ಹೇಳಬಲ್ಲ.

ತಮ್ಮ ಆದೇಶವನ್ನು ಎದುರು ನೋಡುತ್ತಾ,

ಇಂತಿ ತಮ್ಮ ವಿಶ್ವಾಸಿಗಳು,
ಕೋಲಾರ ಜಿಲ್ಲೆಯ ಕೆರೆ ಅಚ್ಚುಕಟ್ಟುದಾರರು ಹಾಗೂ ಕೋಡಿ ಹಳ್ಳಗಳ ದಡದ ನಿವಾಸಿಗಳು

ಪ್ರತಿ: ಇದೇ ಕೋರಿಕೆಯೊಂದಿಗೆ, ಹೆಬ್ಬಾಳ ನಾಗವಾರ ಕಣಿವೆಯ ನೀರು ಬರುವ ಕೆರೆಗಳಿರುವ ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ.